ಹಾವೂ ಸತ್ತಿತು, ಕೋಲೂ ಮುರಿಯಿತು

ಇಬ್ಬರ ಬಲವೂ ಸಮ ಇದ್ದರೆ ಗೆಲ್ಲೋದು ಯಾರು? ಆಟ ಕಟ್ಟುವವರಿಗೆ ಇದು ಹಳೇ ತಲೆನೋವು. ಚೆಸ್‌ನಲ್ಲಿ ಈ ಪ್ರಶ್ನೆ ಏಳೋದೇ ಇಲ್ಲ. ಮೇಲೆ ಬಿದ್ದವನದೇ ಗೆಲುವು, ಕಾಲಾಳು ಕೂಡ ರಾಣಿಯನ್ನು ಹೊಡೆದುಹಾಕಬಹುದು. ಇಸ್ಪೀಟಿನಲ್ಲಿ ತುರುಪು ಇದೆ. ಆದರೆ 1993ರಲ್ಲಿ ಅಮೆರಿಕದಲ್ಲಿ ಬಂದ 'ಮ್ಯಾಜಿಕ್: ದ ಗ್ಯಾದರಿಂಗ್' ಅನ್ನೋ ಕಾರ್ಡ್ ಆಟ ಈ ಪ್ರಶ್ನೆಗೆ ತೀರ್ಪನ್ನೇ ಕೊಡಲಿಲ್ಲ. ಸಮ ಇದ್ದರೆ ಇಬ್ಬರೂ ಸಾಯ್ತಾರೆ, ಅಷ್ಟೇ.

ಆಟ ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಎಲ್ಲಿ ಬೇಕಾದರೂ ಒಯ್ಯಬಹುದಾದ, ಬೇಗ ಮುಗಿಯುವ ಆಟವೊಂದು ಬೇಕು ಅಂತ 'ವಿಜರ್ಡ್ಸ್ ಆಫ್ ದ ಕೋಸ್ಟ್' ಕಂಪನಿಯ ಪೀಟರ್ ಆಡ್ಕಿಸನ್ ಅವರನ್ನು ಕೇಳಿದ್ದರು. ಗಾರ್ಫೀಲ್ಡ್ ಪ್ರತಿ ಪ್ರಾಣಿಯ ಕಾರ್ಡಿಗೂ ಎರಡು ಅಂಕಿ ಕೊಟ್ಟರು: ಎಷ್ಟು ಹೊಡೆಯುತ್ತೆ, ಎಷ್ಟು ಏಟು ತಡೆಯುತ್ತೆ. ಮೊದಲ ಕಂತಿನಲ್ಲೇ ಇದ್ದ 'ಗ್ರಿಜ್ಲಿ ಬೇರ್ಸ್' ಕರಡಿಗೆ 2 ಮತ್ತು 2. ನನ್ನ ಕರಡಿ ನುಗ್ಗಿತು, ನಿಮ್ಮ ಕರಡಿ ಅಡ್ಡ ಬಂತು ಅಂದ್ಕೊಳ್ಳಿ. ಏಟು ಒಂದೇ ಕ್ಷಣಕ್ಕೆ ಎರಡೂ ಕಡೆ ಬೀಳುತ್ತೆ. ಎರಡೂ ಕರಡಿ ಸ್ಮಶಾನಕ್ಕೆ.

ಆಟಗಾರರು ಇದನ್ನು 'ಟ್ರೇಡ್' ಅಂತಾರೆ, ಅಂದ್ರೆ ವ್ಯಾಪಾರ. ಹೆಸರು ಸರಿಯಾಗೇ ಇದೆ. ನನ್ನದೊಂದು ಹೋಗಿ ನಿಮ್ಮದೊಂದು ಹೋಗೋದು ನನಗೆ ಲಾಭವಾ, ನಷ್ಟವಾ? ಈ ಲೆಕ್ಕಾಚಾರದ ಮೇಲೇ ಆಟದ ಅರ್ಧ ಬುದ್ಧಿವಂತಿಕೆ ನಿಂತಿದೆ. ಇದರಿಂದ ತಪ್ಪಿಸಿಕೊಳ್ಳೋಕೆ 'ಫಸ್ಟ್ ಸ್ಟ್ರೈಕ್' ಅನ್ನೋ ಗುಣವಿದೆ. ಅದು ಇರುವವನ ಏಟು ಮೊದಲು ಬೀಳುತ್ತೆ, ಸತ್ತವನು ತಿರುಗಿ ಹೊಡೆಯಲಾರ. ಆದರೆ ಇಬ್ಬರಿಗೂ ಅದೇ ಗುಣ ಇದ್ದರೆ ಮತ್ತೆ ಇಬ್ಬರೂ ಹೋಗ್ತಾರೆ.

1999ರಲ್ಲಿ ಆರನೇ ಆವೃತ್ತಿಯ ಜೊತೆ ನಿಯಮಗಳನ್ನು ಹೊಸದಾಗಿ ಕಟ್ಟಿದರು. ಆಗ ಬಂದಿದ್ದು 'ಸ್ಟ್ಯಾಕ್'. ಕೋಡ್ ಬರೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಿಕ್ಕವರು ದರ್ಶಿನಿಯಲ್ಲಿ ಪೇರಿಸಿಟ್ಟ ತಟ್ಟೆಗಳನ್ನು ನೆನಪಿಸಿಕೊಳ್ಳಿ: ಕೊನೆಗೆ ಇಟ್ಟಿದ್ದು ಮೊದಲು ಕೈಗೆ ಬರುತ್ತೆ. ಮಂತ್ರಗಳ ಜೊತೆಗೆ ಕಾಳಗದ ಏಟನ್ನೂ ಇದೇ ಅಟ್ಟಿಯ ಮೇಲೆ ಇಟ್ಟರು. ಅಂದ್ರೆ ಗುದ್ದು ಹೊರಟಿದೆ, ಇನ್ನೂ ತಗುಲಿಲ್ಲ. ಆ ಸಂದಿನಲ್ಲಿ ಏನು ಬೇಕಾದರೂ ಮಾಡಬಹುದಿತ್ತು.

'ಅನ್‌ಸಮನ್' ಅನ್ನೋ ಮಂತ್ರ ಕಣದಲ್ಲಿರುವ ಪ್ರಾಣಿಯನ್ನು ಅದರ ಒಡೆಯನ ಕೈಗೆ ವಾಪಸ್ ಕಳಿಸುತ್ತೆ. ಏಟು ಹೊರಟ ಮೇಲೆ ನನ್ನ ಕರಡಿಯನ್ನು ಹಾಗೆ ಎತ್ತಿಕೊಂಡರೆ ಅದು ಬದುಕಿತು. ಅದು ಬಿಟ್ಟ ಗುದ್ದು ಮಾತ್ರ ನಿಮ್ಮ ಕರಡಿಯನ್ನು ಕೊಂದೇ ತೀರುತ್ತಿತ್ತು. ಹಾವು ಸತ್ತಿತು, ಕೋಲು ಮುರೀಲಿಲ್ಲ. 'ಮಾಗ್ ಫೆನಾಟಿಕ್' ಅನ್ನೋ 1 ಮತ್ತು 1ರ ಪುಟ್ಟ ಕಾರ್ಡ್ ಇನ್ನೂ ಜೋರು. ತನ್ನನ್ನೇ ಬಲಿ ಕೊಟ್ಟು ಒಂದು ಏಟು ಹಾಕೋದು ಅದರ ಗುಣ. ಕಾಳಗದ ಒಂದು ಏಟನ್ನು ಅಟ್ಟಿಯ ಮೇಲಿಟ್ಟು, ಆಮೇಲೆ ಬಲಿಯಾಗಿ ಇನ್ನೊಂದು. ಒಟ್ಟು ಎರಡು. ಸಣ್ಣಾಳು ಕರಡಿಯನ್ನೇ ಉರುಳಿಸುತ್ತಿದ್ದ.

ಹತ್ತು ವರ್ಷ ಹೀಗೇ ನಡೀತು. ಬಲ್ಲವರಿಗೆ ಇದು ಕೈಚಳಕ. ಹೊಸಬರಿಗೆ ಮಾತ್ರ ಗೊಂದಲ. ಕಣದಲ್ಲೇ ಇಲ್ಲದವನು ಹೊಡೆಯೋದು ಹೇಗೆ? 2009ರ ಜುಲೈನಲ್ಲಿ 'ಮ್ಯಾಜಿಕ್ 2010' ಬಂದಾಗ ಕಾಳಗದ ಏಟನ್ನು ಅಟ್ಟಿಯಿಂದ ಇಳಿಸಿದರು. ಹೊಡೆತ ಹೊರಟ ಕ್ಷಣಕ್ಕೇ ತಗುಲುತ್ತೆ, ನಡುವೆ ಸಂದಿಲ್ಲ. ಈಗ ಕರಡಿಯನ್ನು ಮೊದಲೇ ಎತ್ತಿಕೊಂಡರೆ ಅದು ಬದುಕುತ್ತೆ, ಎದುರಿನದೂ ಬದುಕುತ್ತೆ. ಫೆನಾಟಿಕ್ ಒಂದೋ ಗುದ್ದಬೇಕು, ಇಲ್ಲಾ ಬಲಿಯಾಗಬೇಕು.

ಹಳೇ ಆಟಗಾರರಲ್ಲಿ ಹಲವರಿಗೆ ಸಿಟ್ಟು ಬಂತು. ಅದರಲ್ಲಿ ನ್ಯಾಯವೂ ಇತ್ತು. ಫೆನಾಟಿಕ್ ಕಾರ್ಡಿನ ಮೇಲೆ ಅಚ್ಚಾದ ಒಂದಕ್ಷರವೂ ಬದಲಾಗಿರಲಿಲ್ಲ, ಆದರೆ ಅದರ ಯೋಗ್ಯತೆ ಅರ್ಧಕ್ಕಿಳಿದಿತ್ತು. ದುಡ್ಡು ಕೊಟ್ಟು ಕೊಂಡ ಕಾರ್ಡ್ ನಮ್ಮದು, ಅದರ ಅರ್ಥ ಮಾತ್ರ ಕಂಪನಿಯದು. ರಾತ್ರೋರಾತ್ರಿ ಅಪ್‌ಡೇಟ್ ಆಗಿ, ಕಷ್ಟಪಟ್ಟು ಕಲಿತ ಶಾರ್ಟ್‌ಕಟ್ ಬೆಳಗ್ಗೆ ಕೆಲಸ ಮಾಡದಿದ್ದಾಗ ನಮಗೂ ಹೀಗೇ ಉರಿಯುತ್ತಲ್ವಾ?

ಆದರೂ ನನಗೆ ಬದಲಾವಣೆಯೇ ಸರಿ ಅನ್ನಿಸುತ್ತೆ. ಗೊತ್ತಿದ್ದವನಿಗೆ ಎರಡೂ ಸಿಗ್ತಿತ್ತು, ಗೊತ್ತಿಲ್ಲದವನು ಯಾಕೆ ಸೋತೆ ಅಂತಲೂ ತಿಳಿಯದೆ ಸೋಲ್ತಿದ್ದ. ಈಗ ಇಬ್ಬರ ಮುಂದೆಯೂ ಒಂದೇ ಆಯ್ಕೆ: ಉಳಿಸಿಕೋ, ಇಲ್ಲಾ ಹೊಡಿ.

ಆಮೇಲೂ ನಿಯಮಗಳು ಬದಲಾಗುತ್ತಲೇ ಇವೆ. ಒಬ್ಬನಿಗೆ ಹಲವರು ಅಡ್ಡ ಬಂದಾಗ ಏಟು ಹಂಚೋಕೆ 2009ರಲ್ಲಿ ತಂದ ಸರದಿಯನ್ನು 2024ರಲ್ಲಿ ಕೈಬಿಟ್ಟರು. ಮೊದಲ ದಿನದ ಆ ಉತ್ತರ ಮಾತ್ರ ಹಾಗೇ ಇದೆ. ಎರಡು ಕರಡಿ ಎದುರಾದರೆ ಎರಡೂ ಹೋಗ್ತವೆ. ಆಟಗಾರರಿಬ್ಬರೂ ಒಟ್ಟಿಗೇ ಸೊನ್ನೆಗಿಳಿದರೆ ಆಟ ಡ್ರಾ. ಗೆದ್ದವರು ಯಾರು ಅಂತ ಕಾರ್ಡ್ ಹೇಳಲ್ಲ. ಕರಡಿಯನ್ನು ಮುಂದೆ ದೂಡೋ ಮೊದಲು ಅದನ್ನು ಕಳೆದುಕೊಳ್ಳೋಕೆ ತಯಾರಿದ್ದೀನಾ ಅಂತ ಯೋಚಿಸಬೇಕಾದವರು ನಾವೇ.