ವಿಧಾನಮಂಡಲ ಮತ್ತು ಅಭಿವೃದ್ಧಿ ನೀತಿ (ಶಿರಸಿ, ಸಿದ್ದಾಪುರ, ಯಲ್ಲಾಪುರ)

ಉತ್ತರ ಕನ್ನಡದ ಘಟ್ಟದ ಮೇಲಿನ ಈ ತಾಲ್ಲೂಕುಗಳು ಕರ್ನಾಟಕ ವಿಧಾನಸಭೆಯ ಶಿರಸಿ, ಯಲ್ಲಾಪುರ ಕ್ಷೇತ್ರಗಳಿಗೆ ಸೇರುತ್ತವೆ. ಅಡಿಕೆ ಕೊಳೆರೋಗದ ಪರಿಹಾರವಿರಲಿ, ಅರಣ್ಯ ಅತಿಕ್ರಮಣದ ಪ್ರಶ್ನೆಯಿರಲಿ, ಶಾಸಕರು ಸರ್ಕಾರವನ್ನು ಕೇಳುವುದು ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆಗಳ ಮೂಲಕ. ಇಲಾಖಾವಾರು ಅನುದಾನದ ಬೇಡಿಕೆಗಳಿಗೆ ಸದನದ ಒಪ್ಪಿಗೆ ಬೇಕು; ಖರ್ಚಾದ ಮೇಲೆ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ.

ಸದನದ ಕಾನೂನೊಂದು ಅಭಿವೃದ್ಧಿಯ ದಿಕ್ಕನ್ನೇ ತಿರುಗಿಸಿದ ನಿದರ್ಶನಕ್ಕೂ ಈ ಸೀಮೆಯ ನಂಟಿದೆ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ 1983ರ ಜಿಲ್ಲಾ ಪರಿಷತ್ತು ವಿಧೇಯಕ ಅಂಗೀಕಾರವಾಯಿತು. ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರಲ್ಲಿ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು; ಆಡಳಿತ ನಡೆಸುತ್ತಿದ್ದ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾಗಿದ್ದರು. ಶಾಲೆ, ಕುಡಿಯುವ ನೀರು, ಹಳ್ಳಿರಸ್ತೆಗಳ ಹಣ ಬೆಂಗಳೂರಿನ ಕಡತಗಳಿಂದ ಜಿಲ್ಲೆಗೆ ಇಳಿಯಿತು. ತಮ್ಮ ಹಿಡಿತವನ್ನೇ ಸಡಿಲಿಸುವ ಕಾನೂನಿಗೆ ಶಾಸಕರು ಕೈಯೆತ್ತಿದ್ದು ಅಪರೂಪವೇ.

ವಿಧಾನಸಭೆಯ ಸಭಾಧ್ಯಕ್ಷ ಪೀಠದ ಗೌರವವೂ ಈ ಸೀಮೆಗೆ ಸಂದಿದೆ: ಶಿರಸಿಯ ಅಂದಿನ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿ 2019ರಿಂದ 2023ರವರೆಗೆ ಸಭಾಧ್ಯಕ್ಷರಾಗಿದ್ದರು. ಆ ಪೀಠದಲ್ಲಿ ಕೂತವರು ಸದನದಲ್ಲಿ ಸ್ವಕ್ಷೇತ್ರದ ಪ್ರಶ್ನೆ ಎತ್ತುವಂತಿಲ್ಲ; ಗೌರವಕ್ಕೆ ಕ್ಷೇತ್ರ ತೆರುವ ಬೆಲೆಯಿದು.