ಅಮೆರಿಕದ ಮಾಧ್ಯಮಗಳಲ್ಲಿ ಬಂದೂಕು ಮತ್ತು ಬಂದೂಕು ಮಾಲೀಕರ ಚಿತ್ರಣ

ಅಮೆರಿಕದ ಮಾಧ್ಯಮಗಳಲ್ಲಿ ಬಂದೂಕು ಮತ್ತು ಬಂದೂಕು ಮಾಲೀಕರ ಚಿತ್ರಣವು ಅಮೆರಿಕ ಸಂಯುಕ್ತ ಸಂಸ್ಥಾನದ ದೂರದರ್ಶನ, ಚಲನಚಿತ್ರ, ಸಾಕ್ಷ್ಯಚಿತ್ರ ಹಾಗೂ ಸುದ್ದಿ ಮಾಧ್ಯಮಗಳು ಬಂದೂಕನ್ನೂ ಅದನ್ನು ಹೊಂದಿರುವ ನಾಗರಿಕರನ್ನೂ ತೋರಿಸುವ ಬಗೆಗೆ ಸಂಬಂಧಿಸಿದ ವಿಷಯವಾಗಿದೆ. ಇದು ಹಲವು ದಶಕಗಳಿಂದ ಸಂಶೋಧನೆಗೂ ರಾಜಕೀಯ ವಿವಾದಕ್ಕೂ ವಸ್ತುವಾಗಿದೆ. ಬಂದೂಕು ನಿಯಂತ್ರಣವನ್ನು ಬಯಸುವವರ ಪ್ರಕಾರ ಮನರಂಜನಾ ಉದ್ಯಮವು ಬಂದೂಕನ್ನು ಆಕರ್ಷಕ ವಸ್ತುವನ್ನಾಗಿ ಮಾಡುತ್ತದೆ. ಅದನ್ನು ವಿರೋಧಿಸುವವರ ಪ್ರಕಾರ ಸುದ್ದಿ ಮಾಧ್ಯಮಗಳು ಬಂದೂಕು ಮಾಲೀಕರನ್ನು ಅಜ್ಞಾನಿಗಳಂತೆ ಅಥವಾ ಅಪಾಯಕಾರಿಗಳಂತೆ ತೋರಿಸುತ್ತವೆ. ಎರಡೂ ದೂರುಗಳಿಗೆ ಆಧಾರಗಳಿವೆ. ಇವುಗಳ ನಡುವೆ ಕಡಿಮೆ ಚರ್ಚೆಗೊಳಗಾದ ಮೂರನೆಯ ಅಂಶವೊಂದಿದೆ: ತೆರೆಯ ಮೇಲಿನ ಬಂದೂಕು ಬಹುಪಾಲು ಇನ್ನೊಬ್ಬರತ್ತ ಹಾರುತ್ತದೆ, ಆದರೆ ಆ ದೇಶದಲ್ಲಿ ಬಂದೂಕಿನಿಂದ ಸಂಭವಿಸುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು.

ಕನ್ನಡ ಪತ್ರಿಕೆಗಳಲ್ಲಿ 'ಬಂದೂಕುಧಾರಿ' ಎಂಬ ಪದವು ಸಾಮಾನ್ಯವಾಗಿ ದಾಳಿಕೋರನನ್ನು ಸೂಚಿಸುತ್ತದೆ. ಆದುದರಿಂದ ಕಾನೂನುಬದ್ಧವಾಗಿ ಬಂದೂಕು ಹೊಂದಿರುವ ನಾಗರಿಕರಿಗೆ ಇಲ್ಲಿ 'ಬಂದೂಕು ಮಾಲೀಕ' ಎಂಬ ಪದವನ್ನು ಬಳಸಲಾಗಿದೆ.

ಹಿನ್ನೆಲೆ

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಶಸ್ತ್ರ ಹೊಂದುವ ಹಕ್ಕನ್ನು ಕುರಿತದ್ದು. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಂತೆ ಅಲ್ಲಿನ ವಯಸ್ಕರಲ್ಲಿ ಶೇ. 32ರಷ್ಟು ಮಂದಿ ತಮ್ಮ ಬಳಿ ಬಂದೂಕು ಇದೆಯೆಂದು ಹೇಳಿದ್ದಾರೆ. ಅವರಲ್ಲಿ ಶೇ. 72ರಷ್ಟು ಮಂದಿ ಆತ್ಮರಕ್ಷಣೆಯನ್ನು ಮುಖ್ಯ ಕಾರಣವಾಗಿ ನೀಡಿದ್ದಾರೆ. ಹಿಂದೆ ಬೇಟೆ ಮತ್ತು ಗುರಿ ಅಭ್ಯಾಸವೇ ಪ್ರಧಾನವಾಗಿದ್ದ ಬಂದೂಕು ಸಂಸ್ಕೃತಿಯು ಆತ್ಮರಕ್ಷಣೆಯ ಕಡೆಗೆ ಸರಿದಿರುವುದನ್ನು ಸಮಾಜಶಾಸ್ತ್ರಜ್ಞ ಡೇವಿಡ್ ಯಮಾನೆ ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ದಾಖಲೆಗಳಂತೆ 2021ರಲ್ಲಿ ಬಂದೂಕಿನಿಂದ 48,830 ಮಂದಿ ಮೃತಪಟ್ಟರು. ಇವುಗಳಲ್ಲಿ 26,328 ಆತ್ಮಹತ್ಯೆಗಳು, 20,958 ಕೊಲೆಗಳು. ಸುದ್ದಿಯಲ್ಲಿ ದೀರ್ಘಕಾಲ ಉಳಿಯುವ ಸಾಮೂಹಿಕ ಗುಂಡಿನ ದಾಳಿಗಳ ಬಲಿಪಶುಗಳು ಈ ಒಟ್ಟು ಸಂಖ್ಯೆಯ ಸಣ್ಣ ಭಾಗ ಮಾತ್ರ.

ಚಲನಚಿತ್ರ ಮತ್ತು ಧಾರಾವಾಹಿಗಳು

ಅಮೆರಿಕದ ಕಥಾಚಿತ್ರಗಳ ಆರಂಭಕಾಲದಲ್ಲೇ ಬಂದೂಕು ಕಾಣಿಸಿಕೊಂಡಿತು. ಎಡ್ವಿನ್ ಎಸ್. ಪೋರ್ಟರ್ ಅವರ 'ದ ಗ್ರೇಟ್ ಟ್ರೈನ್ ರಾಬರಿ' (1903) ಚಿತ್ರದಲ್ಲಿ ದರೋಡೆಕೋರನ ಪಾತ್ರಧಾರಿಯು ನೇರವಾಗಿ ಪ್ರೇಕ್ಷಕರತ್ತ ಗುಂಡು ಹಾರಿಸುವ ದೃಶ್ಯವು ಚಲನಚಿತ್ರ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಹೇಸ್ ಸಂಹಿತೆಯು ಬಂದೂಕಿನ ಬಳಕೆಯನ್ನು ಅಗತ್ಯವಿದ್ದಷ್ಟಕ್ಕೆ ಸೀಮಿತಗೊಳಿಸಬೇಕೆಂದು ವಿಧಿಸಿತ್ತು. 1930ರ ದಶಕದ ಆದಿಯ ಗ್ಯಾಂಗ್‌ಸ್ಟರ್ ಚಿತ್ರಗಳ ಬಗ್ಗೆ ಎದ್ದಿದ್ದ ಆಕ್ಷೇಪಗಳು ಇದರ ಹಿಂದಿದ್ದವು.

ದೂರದರ್ಶನದಲ್ಲಿ ಬಂದೂಕಿನ ಸುವರ್ಣಯುಗವು ವೆಸ್ಟರ್ನ್ ಧಾರಾವಾಹಿಗಳ ಕಾಲ. 1958-59ರ ಪ್ರಸಾರ ವರ್ಷದಲ್ಲಿ ಅತಿ ಹೆಚ್ಚು ವೀಕ್ಷಿಸಲ್ಪಟ್ಟ ಮೊದಲ ಹತ್ತು ಕಾರ್ಯಕ್ರಮಗಳ ಪೈಕಿ ಏಳು ವೆಸ್ಟರ್ನ್‌ಗಳಾಗಿದ್ದವು. ಅವುಗಳಲ್ಲಿ ಅಗ್ರಸ್ಥಾನದಲ್ಲಿದ್ದ 'ಗನ್‌ಸ್ಮೋಕ್' 1955ರಿಂದ 1975ರವರೆಗೆ ಪ್ರಸಾರವಾಯಿತು. 'ದ ರೈಫಲ್‌ಮ್ಯಾನ್', 'ಹ್ಯಾವ್ ಗನ್ – ವಿಲ್ ಟ್ರಾವೆಲ್' ಮುಂತಾದವುಗಳ ಹೆಸರಿನಲ್ಲೇ ಬಂದೂಕು ಇತ್ತು. ಈ ಕಥೆಗಳಲ್ಲಿ ಊರಿನ ಪ್ರತಿಯೊಬ್ಬ ಗಂಡಸಿನ ಸೊಂಟದಲ್ಲೂ ರಿವಾಲ್ವರ್ ತೂಗುತ್ತದೆ ಮತ್ತು ನ್ಯಾಯವು ಯಾರು ಮೊದಲು ಅದನ್ನು ಹೊರತೆಗೆಯುತ್ತಾರೆ ಎಂಬುದರಿಂದ ನಿರ್ಧಾರವಾಗುತ್ತದೆ. ಇತಿಹಾಸವು ಇದಕ್ಕೆ ಹೊಂದುವುದಿಲ್ಲ. 'ಗನ್‌ಸ್ಮೋಕ್' ನಡೆಯುವ ಡಾಡ್ಜ್ ಸಿಟಿಯಲ್ಲೇ 1870ರ ದಶಕದಲ್ಲಿ ಊರೊಳಗೆ ಬಂದೂಕು ಧರಿಸಿ ಓಡಾಡುವುದಕ್ಕೆ ನಿಷೇಧವಿತ್ತು; ಅದನ್ನು ಸಾರುವ ಫಲಕವು ಆ ಕಾಲದ ಛಾಯಾಚಿತ್ರದಲ್ಲಿ ಇಂದಿಗೂ ಕಾಣುತ್ತದೆ. ಅರಿಝೋನಾದ ಟೂಂಬ್‌ಸ್ಟೋನ್‌ನಲ್ಲಿಯೂ ಇಂತಹದೇ ನಿಯಮವಿತ್ತು. ಅಸಂಖ್ಯ ಚಿತ್ರಗಳಿಗೆ ವಸ್ತುವಾದ, 1881ರ ಅಕ್ಟೋಬರ್ 26ರಂದು ನಡೆದ ಓ.ಕೆ. ಕೊರಾಲ್ ಕಾಳಗಕ್ಕೆ ಆ ನಿಯಮವನ್ನು ಜಾರಿಗೊಳಿಸುವ ಯತ್ನವೂ ಒಂದು ಕಾರಣವಾಗಿತ್ತು. ಬಂದೂಕು ನಿಯಂತ್ರಣದ ಘಟನೆಯೊಂದು ತೆರೆಯ ಮೇಲೆ ಬಂದೂಕಿನ ವೈಭವವಾಗಿ ಉಳಿದದ್ದು ಗಮನಾರ್ಹ.

1970ರ ದಶಕದಲ್ಲಿ ಕುದುರೆ ಸವಾರನ ಸ್ಥಾನವನ್ನು ನಗರದ ಪೊಲೀಸ್ ಅಧಿಕಾರಿ ಪಡೆದುಕೊಂಡನು. 'ಡರ್ಟಿ ಹ್ಯಾರಿ' (1971) ಬಿಡುಗಡೆಯಾದ ನಂತರ ಅದರಲ್ಲಿ ಕಾಣಿಸಿದ ಸ್ಮಿತ್ ಅಂಡ್ ವೆಸನ್ ಕಂಪನಿಯ .44 ಮ್ಯಾಗ್ನಮ್ ರಿವಾಲ್ವರಿಗೆ ಬೇಡಿಕೆ ಏರಿತು. ಪಾತ್ರಕ್ಕಿಂತ ಪಾತ್ರದ ಆಯುಧವೇ ಹೆಸರುವಾಸಿಯಾದ ಉದಾಹರಣೆಗಳಲ್ಲಿ ಇದು ಮುಖ್ಯವಾದುದು.

ತಾಂತ್ರಿಕ ತಪ್ಪುಗಳು

ಬಂದೂಕು ಬಲ್ಲವರು ಚಲನಚಿತ್ರಗಳ ಬಗ್ಗೆ ಹೇಳುವ ದೂರುಗಳಲ್ಲಿ ಹಲವು ಭೌತವಿಜ್ಞಾನಕ್ಕೆ ಸಂಬಂಧಿಸಿವೆ. ಗುಂಡು ತಗುಲಿದ ವ್ಯಕ್ತಿ ಗಾಳಿಯಲ್ಲಿ ಹಾರಿ ಗೋಡೆಗೆ ಬಡಿಯುವುದು ಅಸಾಧ್ಯ. ಗುಂಡಿಗೆ ಅಷ್ಟು ಸಂವೇಗವಿದ್ದರೆ ಹಾರಿಸಿದವನೂ ಅಷ್ಟೇ ಬಲದಿಂದ ಹಿಂದಕ್ಕೆ ಹಾರಬೇಕಾಗುತ್ತದೆ. ಭುಜಕ್ಕೆ ತಗುಲಿದ ಗುಂಡನ್ನು 'ಸಣ್ಣ ಗಾಯ' ಎಂದು ನಾಯಕನು ತಳ್ಳಿಹಾಕುವುದು ಮತ್ತೊಂದು ರೂಢಿ. ವಾಸ್ತವವಾಗಿ ಭುಜದ ಭಾಗದಲ್ಲಿ ದೊಡ್ಡ ರಕ್ತನಾಳಗಳೂ ತೋಳಿನ ನರಗಳ ಜಾಲವೂ ಇರುವುದರಿಂದ ಅಂತಹ ಗಾಯವು ಪ್ರಾಣಕ್ಕೆ ಅಥವಾ ತೋಳಿಗೆ ಎರವಾಗಬಹುದು.

ಸೈಲೆನ್ಸರ್ ಕುರಿತ ತಪ್ಪು ಕಲ್ಪನೆಯು ನೀತಿ ಚರ್ಚೆಯ ಮೇಲೂ ಪರಿಣಾಮ ಬೀರಿದೆ. ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರು 1909ರಲ್ಲಿ ಪೇಟೆಂಟ್ ಪಡೆದ ಈ ಸಾಧನವು ಚಿತ್ರಗಳಲ್ಲಿ ಪಿಸುಮಾತಿನಷ್ಟು ಮೆಲ್ಲಗಿನ ಸದ್ದು ಹೊರಡಿಸುತ್ತದೆ. ನಿಜವಾದ ಸೈಲೆನ್ಸರ್ ಸುಮಾರು 20ರಿಂದ 35 ಡೆಸಿಬೆಲ್‌ಗಳಷ್ಟು ಸದ್ದನ್ನು ತಗ್ಗಿಸುತ್ತದೆ. 140 ಡೆಸಿಬೆಲ್‌ಗಿಂತ ಹೆಚ್ಚಿನ ಮೂಲ ಸದ್ದಿನಲ್ಲಿ ಇಷ್ಟು ಕಳೆದರೂ ಉಳಿಯುವುದು ಪಕ್ಕದ ಕೋಣೆಗೆ ಕೇಳದ ಸದ್ದಲ್ಲ. ಗುಂಡುಗಳು ಮುಗಿಯದಿರುವುದು, ಮುಚ್ಚಿದ ಕೋಣೆಯಲ್ಲಿ ಹಾರಿಸಿದರೂ ಯಾರ ಕಿವಿಗೂ ಏನೂ ಆಗದಿರುವುದು ಇತ್ಯಾದಿಗಳು ಇದೇ ಸಾಲಿಗೆ ಸೇರುತ್ತವೆ.

ಬಂದೂಕು ಮಾಲೀಕರ ಪಾತ್ರಗಳು

ತೆರೆಯ ಮೇಲೆ ಬಂದೂಕು ಹಿಡಿಯುವ ಪಾತ್ರಗಳು ಬಹುತೇಕ ಪೊಲೀಸರು, ಸೈನಿಕರು, ಅಪರಾಧಿಗಳು ಅಥವಾ ಸೇಡು ತೀರಿಸಿಕೊಳ್ಳುವವರು. ಬೀರುವಿನಲ್ಲಿ ಬೀಗ ಹಾಕಿದ ಬಂದೂಕನ್ನಿಟ್ಟುಕೊಂಡು ವರ್ಷಕ್ಕೊಮ್ಮೆ ಜಿಂಕೆ ಬೇಟೆಗೆ ಹೋಗುವ ಸಾಮಾನ್ಯ ಮಾಲೀಕನು ಕಥೆಗೆ ಒದಗುವುದು ವಿರಳ. ಅಂತಹವನು ಬಂದರೆ ಹೆಚ್ಚಾಗಿ ಹಾಸ್ಯ ಧಾರಾವಾಹಿಗಳಲ್ಲಿ ಬರುತ್ತಾನೆ. 'ಆಲ್ ಇನ್ ದ ಫ್ಯಾಮಿಲಿ'ಯ 1972ರ ಕಂತೊಂದರಲ್ಲಿ ಆರ್ಚಿ ಬಂಕರ್ ಎಂಬ ಪಾತ್ರವು ವಿಮಾನ ಅಪಹರಣ ತಡೆಯಲು ಎಲ್ಲ ಪ್ರಯಾಣಿಕರಿಗೂ ಬಂದೂಕು ಕೊಡಬೇಕೆಂದು ಟಿವಿಯಲ್ಲಿ ವಾದಿಸುತ್ತದೆ. ಕೊನೆಯಲ್ಲಿ ಅವನೇ ಬಂದೂಕು ತೋರಿಸಿದವರಿಂದ ದರೋಡೆಗೊಳಗಾಗುತ್ತಾನೆ. 'ಕಿಂಗ್ ಆಫ್ ದ ಹಿಲ್' ವ್ಯಂಗ್ಯಚಿತ್ರ ಧಾರಾವಾಹಿಯ ಡೇಲ್ ಗ್ರಿಬಲ್ ಸರ್ಕಾರದ ಮೇಲಿನ ಸಂಶಯದಲ್ಲೇ ಬದುಕುವ ಬಂದೂಕು ಪ್ರೇಮಿ. 'ದ ಸಿಂಪ್ಸನ್ಸ್' 1997ರಲ್ಲಿ ಪ್ರಸಾರ ಮಾಡಿದ 'ದ ಕಾರ್ಟ್‌ರಿಡ್ಜ್ ಫ್ಯಾಮಿಲಿ' ಕಂತು ಇವುಗಳಿಗಿಂತ ಭಿನ್ನ. ಅದರಲ್ಲಿ ನಾಯಕ ಹೋಮರ್ ಬೇಜವಾಬ್ದಾರಿ ಮಾಲೀಕನಾದರೂ, ಅವನ ವರ್ತನೆಯನ್ನು ಕಂಡು ಅವನನ್ನು ಹೊರಹಾಕುವವರು ಬಂದೂಕು ಸಂಘದ ಸದಸ್ಯರೇ.

ರಿಯಾಲಿಟಿ ವಾಹಿನಿಗಳಲ್ಲಿ 2010ರ ಸುಮಾರಿಗೆ 'ಟಾಪ್ ಶಾಟ್', 'ಸನ್ಸ್ ಆಫ್ ಗನ್ಸ್', 'ಅಮೆರಿಕನ್ ಗನ್ಸ್' ಮುಂತಾದ ಕಾರ್ಯಕ್ರಮಗಳು ಬಂದವು. ಇವುಗಳಲ್ಲಿ ಕೊನೆಯದನ್ನು 2012ರ ಡಿಸೆಂಬರ್‌ನಲ್ಲಿ, ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ವಯಸ್ಕರೂ ಹತರಾದ ಕೆಲವೇ ದಿನಗಳಲ್ಲಿ ನಿಲ್ಲಿಸಲಾಯಿತು.

ಸುದ್ದಿ ಮತ್ತು ಸಾಕ್ಷ್ಯಚಿತ್ರಗಳು

ಮೈಕೆಲ್ ಮೂರ್ ಅವರ 'ಬೌಲಿಂಗ್ ಫಾರ್ ಕೊಲಂಬೈನ್' (2002) ಅತ್ಯುತ್ತಮ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಪಡೆಯಿತು. ಆಗ ರಾಷ್ಟ್ರೀಯ ರೈಫಲ್ ಸಂಘದ ಅಧ್ಯಕ್ಷರಾಗಿದ್ದ ನಟ ಚಾರ್ಲ್‌ಟನ್ ಹೆಸ್ಟನ್ ಅವರ ಭಾಷಣಗಳನ್ನು ಸಂಕಲನ ಮಾಡಿದ ರೀತಿಗೆ ಟೀಕೆಗಳೂ ಬಂದವು.

ಸಂಕಲನವೇ ವಿವಾದದ ಕೇಂದ್ರವಾದ ಪ್ರಕರಣ 'ಅಂಡರ್ ದ ಗನ್' (2016) ಚಿತ್ರದ್ದು. ಸ್ಟೆಫನಿ ಸೋಕ್ಟಿಗ್ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರದಲ್ಲಿ ಪತ್ರಕರ್ತೆ ಕೇಟಿ ಕೊರಿಕ್ ಅವರು ವರ್ಜೀನಿಯಾದ ಬಂದೂಕು ಹಕ್ಕುಗಳ ಸಂಘವೊಂದರ ಸದಸ್ಯರನ್ನು, ಹಿನ್ನೆಲೆ ಪರಿಶೀಲನೆ ಇಲ್ಲದಿದ್ದರೆ ಅಪರಾಧಿಗಳೂ ಭಯೋತ್ಪಾದಕರೂ ಬಂದೂಕು ಕೊಳ್ಳುವುದನ್ನು ಹೇಗೆ ತಡೆಯುವಿರಿ ಎಂದು ಕೇಳುತ್ತಾರೆ. ಚಿತ್ರದಲ್ಲಿ ಆ ಪ್ರಶ್ನೆಯ ನಂತರ ಸದಸ್ಯರು ಹಲವು ಸೆಕೆಂಡುಗಳ ಕಾಲ ಉತ್ತರವಿಲ್ಲದೆ ಕುಳಿತಿರುವಂತೆ ಕಾಣುತ್ತದೆ. ಸಂಘವು ತಾನೇ ಮಾಡಿಕೊಂಡಿದ್ದ ಧ್ವನಿಮುದ್ರಣವು ಅವರು ಕೂಡಲೇ ಉತ್ತರಿಸಿದ್ದನ್ನು ತೋರಿಸಿತು. ಆ ಮೌನದ ದೃಶ್ಯವು ಬೇರೆ ಸಮಯದ್ದಾಗಿತ್ತು. ಕೊರಿಕ್ ಅವರು ಸಂಕಲನವು ದಾರಿ ತಪ್ಪಿಸುವಂತಿತ್ತೆಂದು ಒಪ್ಪಿ ಹೊಣೆ ಹೊತ್ತರು. ಸಂಘವು ಹೂಡಿದ ಮಾನನಷ್ಟ ಮೊಕದ್ದಮೆಯನ್ನು 2017ರಲ್ಲಿ ನ್ಯಾಯಾಲಯ ವಜಾಗೊಳಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನಲ್ಲಿ ಗೆದ್ದರೂ, ಮಾಧ್ಯಮಗಳು ತಮ್ಮ ಉತ್ತರವನ್ನು ಕೇಳಲು ಸಿದ್ಧವಿಲ್ಲ ಎಂಬ ಬಂದೂಕು ಮಾಲೀಕರ ಬಹುಕಾಲದ ಆರೋಪಕ್ಕೆ ಚಿತ್ರವು ದೃಶ್ಯಸಾಕ್ಷ್ಯವನ್ನೇ ಒದಗಿಸಿಬಿಟ್ಟಿತು.

ಪದಬಳಕೆಯೂ ವಿವಾದಾಸ್ಪದ. ಎಆರ್-15 ರೈಫಲ್‌ನ ಹೆಸರಿನಲ್ಲಿರುವ 'ಎಆರ್' ಎಂಬುದು ಅದನ್ನು ಮೊದಲು ರೂಪಿಸಿದ ಆರ್ಮಲೈಟ್ ಕಂಪನಿಯನ್ನು ಸೂಚಿಸುತ್ತದೆ. ಅದು 'ಅಸಾಲ್ಟ್ ರೈಫಲ್' ಎಂಬುದರ ಸಂಕ್ಷೇಪವಲ್ಲ. ನಾಗರಿಕರಿಗೆ ಮಾರುವ ಮಾದರಿಯು ಅರೆ-ಸ್ವಯಂಚಾಲಿತ, ಅಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ. ಆದರೆ 'ಅಸಾಲ್ಟ್ ವೆಪನ್' ಎಂಬುದು ಕೇವಲ ಪತ್ರಕರ್ತರ ಸೃಷ್ಟಿಯೂ ಅಲ್ಲ: 1994ರಿಂದ 2004ರವರೆಗೆ ಜಾರಿಯಲ್ಲಿದ್ದ ಒಕ್ಕೂಟ ಕಾನೂನು ಇದೇ ಪದವನ್ನು ಬಳಸಿತ್ತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು 2022ರಲ್ಲಿ ತನ್ನ ಶೈಲಿ ಕೈಪಿಡಿಯಲ್ಲಿ ಇಂತಹ ಪದಗಳನ್ನು ಬಿಟ್ಟು 'ಅರೆ-ಸ್ವಯಂಚಾಲಿತ ರೈಫಲ್' ಎಂದು ಬರೆಯಲು ಸೂಚಿಸಿತು.

ಸುದ್ದಿಯ ಆಯ್ಕೆಯಿಂದಲೂ ಚಿತ್ರಣವು ಓರೆಯಾಗುತ್ತದೆ. ಬಂದೂಕು ತೋರಿಸಿದ್ದರಿಂದಲೇ ಕಳ್ಳನು ಓಡಿಹೋದ ಘಟನೆಯಲ್ಲಿ ಗುಂಡು ಹಾರಿರುವುದಿಲ್ಲ, ಹೆಣ ಬಿದ್ದಿರುವುದಿಲ್ಲ; ಆದ್ದರಿಂದ ಅದು ಸುದ್ದಿಯಾಗುವುದು ಅಪರೂಪ. ಹಾಗೆಂದು ಅಂತಹ ಘಟನೆಗಳ ಸಂಖ್ಯೆಯೂ ಸ್ಪಷ್ಟವಿಲ್ಲ: ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಸ್ 1995ರಲ್ಲಿ ವರ್ಷಕ್ಕೆ ಸುಮಾರು 25 ಲಕ್ಷವೆಂದು ಅಂದಾಜಿಸಿದರೆ, ಸರ್ಕಾರದ ಅಪರಾಧ ಸಮೀಕ್ಷೆಯ ಅಂದಾಜುಗಳು ಅದರ ಸಣ್ಣ ಪಾಲಿನಷ್ಟೇ ಇವೆ. ಆತ್ಮಹತ್ಯೆಗಳು ಸುದ್ದಿಯಲ್ಲಿ ಕಾಣದಿರುವುದಕ್ಕೆ ಬೇರೆಯೇ ಕಾರಣವಿದೆ. ವಿವರವಾದ ವರದಿಗಳು ಅನುಕರಣೆಗೆ ಎಡೆಮಾಡಬಹುದೆಂಬ ಕಾರಣದಿಂದ ಪತ್ರಕರ್ತರಿಗೆ ಸಂಯಮದ ಮಾರ್ಗಸೂಚಿಗಳಿವೆ. ಈ ಸಂಯಮ ಉಚಿತವಾದುದೇ ಆದರೂ, ಮನೆಯ ಬಂದೂಕಿನ ಅತಿ ದೊಡ್ಡ ಅಪಾಯವು ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮಾಡುವುದು ಅದರ ಅಡ್ಡಪರಿಣಾಮವಾಗಿದೆ.

ಜನಾಂಗದ ಪ್ರಶ್ನೆ

ಸಿದ್ಧಮಾದರಿಯ ಬಂದೂಕು ಮಾಲೀಕನು ಬಿಳಿಯ, ಗ್ರಾಮೀಣ ಗಂಡಸು. ಕಪ್ಪು ವರ್ಣೀಯರ ಕೈಯಲ್ಲಿ ಬಂದೂಕು ಕಂಡಾಗ ಅದು ಹೆಚ್ಚಾಗಿ ಅಪರಾಧದ ಸಂಕೇತವಾಗುತ್ತದೆ ಎಂಬುದು ಹಳೆಯ ಟೀಕೆ. 1967ರ ಮೇ 2ರಂದು ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯರು ಆಗಿನ ಕಾನೂನಿಗೆ ಅನುಗುಣವಾಗಿಯೇ ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭಾ ಭವನಕ್ಕೆ ಬಂದ ಚಿತ್ರಗಳು ದೇಶದಾದ್ಯಂತ ಪ್ರಸಾರವಾದವು. ಅವರು ವಿರೋಧಿಸಲು ಬಂದಿದ್ದ, ಸಾರ್ವಜನಿಕವಾಗಿ ಗುಂಡು ತುಂಬಿದ ಬಂದೂಕು ಒಯ್ಯುವುದನ್ನು ನಿಷೇಧಿಸುವ ಮಲ್ಫರ್ಡ್ ಮಸೂದೆಗೆ ರಾಜ್ಯಪಾಲ ರೊನಾಲ್ಡ್ ರೇಗನ್ ಅದೇ ವರ್ಷ ಸಹಿ ಹಾಕಿದರು. 2016ರ ಜುಲೈನಲ್ಲಿ ಮಿನ್ನೆಸೋಟದಲ್ಲಿ ಪರವಾನಗಿ ಹೊಂದಿದ್ದ ಫಿಲಾಂಡೊ ಕ್ಯಾಸ್ಟೈಲ್ ತಮ್ಮ ಬಳಿ ಬಂದೂಕು ಇದೆಯೆಂದು ಪೊಲೀಸ್ ಅಧಿಕಾರಿಗೆ ತಿಳಿಸಿದ ಮೇಲೆ ಅದೇ ಅಧಿಕಾರಿಯ ಗುಂಡಿಗೆ ಬಲಿಯಾದರು. ಕಾನೂನು ಪಾಲಿಸುವ ಬಂದೂಕು ಮಾಲೀಕ ಎಂಬ ಪದಪುಂಜವು ಯಾರಿಗೆಲ್ಲ ಅನ್ವಯಿಸುತ್ತದೆ ಎಂಬ ಚರ್ಚೆಗೆ ಈ ಘಟನೆ ಕಾರಣವಾಯಿತು.

ಪರಿಣಾಮಗಳ ಸಂಶೋಧನೆ

ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಜಾರ್ಜ್ ಗರ್ಬ್ನರ್ ಅವರು ಹೆಚ್ಚು ಟಿವಿ ನೋಡುವವರಿಗೆ ಜಗತ್ತು ಇರುವುದಕ್ಕಿಂತ ಹೆಚ್ಚು ಕ್ರೂರವಾಗಿ ತೋರುತ್ತದೆ ಎಂದು ಪ್ರತಿಪಾದಿಸಿದರು. ಪ್ಯೂ ಕೇಂದ್ರದ 2013ರ ವರದಿ ಈ ದೃಷ್ಟಿಯಿಂದ ಕುತೂಹಲಕರವಾಗಿದೆ: 1993ರಿಂದ 2010ರ ನಡುವೆ ಬಂದೂಕು ಕೊಲೆಗಳ ಪ್ರಮಾಣ ಶೇ. 49ರಷ್ಟು ಇಳಿದಿದ್ದರೂ, ಬಂದೂಕು ಅಪರಾಧ 20 ವರ್ಷಗಳ ಹಿಂದಿಗಿಂತ ಹೆಚ್ಚಿದೆಯೆಂದು ಶೇ. 56ರಷ್ಟು ಜನ ನಂಬಿದ್ದರು.

2013ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಬ್ರಾಡ್ ಬುಷ್‌ಮನ್ ಮತ್ತಿತರರ ಅಧ್ಯಯನವು ಪಿಜಿ-13 ದರ್ಜೆಯ ಚಿತ್ರಗಳಲ್ಲಿ ಬಂದೂಕು ಹಿಂಸೆಯು 1985ರಿಂದ ಮೂರು ಪಟ್ಟಿಗಿಂತ ಹೆಚ್ಚಾಗಿದೆ ಎಂದು ಕಂಡುಕೊಂಡಿತು. 2017ರ ಇನ್ನೊಂದು ಪ್ರಯೋಗದಲ್ಲಿ 8ರಿಂದ 12 ವರ್ಷದ ಮಕ್ಕಳಿಗೆ ಚಿತ್ರದ ತುಣುಕುಗಳನ್ನು ತೋರಿಸಿ, ನಿಷ್ಕ್ರಿಯಗೊಳಿಸಿದ ನಿಜವಾದ ಬಂದೂಕು ಇದ್ದ ಕೋಣೆಯಲ್ಲಿ ಆಡಲು ಬಿಡಲಾಯಿತು. ಬಂದೂಕಿನ ದೃಶ್ಯಗಳಿದ್ದ ತುಣುಕನ್ನು ನೋಡಿದ ಮಕ್ಕಳು ಅದನ್ನು ಹೆಚ್ಚು ಹೊತ್ತು ಹಿಡಿದರು ಮತ್ತು ಹೆಚ್ಚು ಬಾರಿ ಟ್ರಿಗರ್ ಎಳೆದರು. ಇವು ಪ್ರಯೋಗಶಾಲೆಯ ಫಲಿತಾಂಶಗಳು. ಚಿತ್ರಗಳಲ್ಲಿ ಬಂದೂಕು ಹೆಚ್ಚಿದ ಅವಧಿಯಲ್ಲೇ ಕೊಲೆಗಳು ಇಳಿದಿದ್ದನ್ನು ವಿಮರ್ಶಕರು ಎತ್ತಿ ತೋರಿಸುತ್ತಾರೆ.

ಸ್ಯಾಂಡಿ ಹುಕ್ ದಾಳಿಯ ನಂತರ ರಾಷ್ಟ್ರೀಯ ರೈಫಲ್ ಸಂಘದ ವೇಯ್ನ್ ಲಪಿಯರ್ ಅವರು ಹಿಂಸಾತ್ಮಕ ಚಿತ್ರಗಳನ್ನೂ ವಿಡಿಯೋ ಆಟಗಳನ್ನೂ ದೂಷಿಸಿದರು. ಅದೇ ಸಂಘದ ವಸ್ತುಸಂಗ್ರಹಾಲಯದಲ್ಲಿ ಹಾಲಿವುಡ್ ಚಿತ್ರಗಳಲ್ಲಿ ಬಳಸಿದ ಬಂದೂಕುಗಳ ಪ್ರದರ್ಶನವಿತ್ತು. ಇತ್ತ ನಿಯಂತ್ರಣದ ಪರವಾಗಿ ವಿಡಿಯೋ ಸಂದೇಶ ನೀಡಿದ ನಟರು ತಮ್ಮ ಚಿತ್ರಗಳಲ್ಲಿ ಗುಂಡು ಹಾರಿಸುವ ದೃಶ್ಯಗಳನ್ನು ಅದೇ ಸಂದೇಶದೊಂದಿಗೆ ಜೋಡಿಸಿ ಟೀಕಾಕಾರರು ಹಂಚಿದರು.

ಚಿತ್ರೀಕರಣದಲ್ಲಿನ ಸಾವುಗಳು ಮತ್ತು ಬದಲಾವಣೆಯ ಯತ್ನಗಳು

1993ರಲ್ಲಿ 'ದ ಕ್ರೋ' ಚಿತ್ರೀಕರಣದ ವೇಳೆ, ನಳಿಗೆಯಲ್ಲಿ ಸಿಲುಕಿದ್ದ ಗುಂಡಿನ ತುದಿಯು ಖಾಲಿ ಕಾಡತೂಸಿನ ಬಲದಿಂದ ಚಿಮ್ಮಿ ನಟ ಬ್ರ್ಯಾಂಡನ್ ಲೀ ಮೃತಪಟ್ಟರು. 2021ರ ಅಕ್ಟೋಬರ್ 21ರಂದು 'ರಸ್ಟ್' ಎಂಬ ವೆಸ್ಟರ್ನ್ ಚಿತ್ರದ ತಾಲೀಮಿನಲ್ಲಿ ನಟ ಅಲೆಕ್ ಬಾಲ್ಡ್ವಿನ್ ಹಿಡಿದಿದ್ದ ರಿವಾಲ್ವರಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅಸುನೀಗಿದರು. ಚಿತ್ರದ ಆಯುಧಗಳ ಹೊಣೆ ಹೊತ್ತಿದ್ದ ಹ್ಯಾನಾ ಗುಟಿಯೆರೆಜ್-ರೀಡ್ ಅವರಿಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಬಾಲ್ಡ್ವಿನ್ ವಿರುದ್ಧದ ಪ್ರಕರಣವನ್ನು ಅದೇ ವರ್ಷ ನ್ಯಾಯಾಲಯ ವಜಾಗೊಳಿಸಿತು. 'ರಸ್ಟ್' ಘಟನೆಯ ನಂತರ ಪೊಲೀಸ್ ಧಾರಾವಾಹಿ 'ದ ರೂಕಿ' ನಿಜವಾದ ಬಂದೂಕುಗಳ ಬಳಕೆಯನ್ನು ಕೈಬಿಟ್ಟಿತು.

ಬಂದೂಕು ನಿಯಂತ್ರಣದ ಪರವಾಗಿರುವ ಬ್ರೇಡಿ ಸಂಸ್ಥೆಯ ಬಹಿರಂಗ ಪತ್ರಕ್ಕೆ 2022ರ ಜೂನ್‌ನಲ್ಲಿ 200ಕ್ಕೂ ಹೆಚ್ಚು ನಿರ್ದೇಶಕರು, ಲೇಖಕರು ಮತ್ತು ನಟರು ಸಹಿ ಹಾಕಿದರು. ಪತ್ರವು ತೆರೆಯಿಂದ ಬಂದೂಕನ್ನು ತೆಗೆದುಹಾಕುವಂತೆ ಕೇಳಲಿಲ್ಲ. ಪಾತ್ರಗಳು ಬಂದೂಕನ್ನು ಬೀಗ ಹಾಕಿ ಇಡುವುದನ್ನೂ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದನ್ನೂ ತೋರಿಸುವಂತೆ ಕೇಳಿತು. ಇಂತಹ ಯತ್ನಕ್ಕೆ ಪೂರ್ವನಿದರ್ಶನವಿದೆ. 1988ರಲ್ಲಿ ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆಯ ಕೋರಿಕೆಯಂತೆ ಧಾರಾವಾಹಿ ಲೇಖಕರು, ಮದ್ಯಪಾನದ ಕೂಟಕ್ಕೆ ಹೋಗುವ ಗೆಳೆಯರಲ್ಲಿ ಒಬ್ಬ ಕುಡಿಯದೆ ಉಳಿದು ವಾಹನ ಚಲಾಯಿಸುವ ಪದ್ಧತಿಯನ್ನು ಸಂಭಾಷಣೆಗಳಲ್ಲಿ ಸೇರಿಸಲಾರಂಭಿಸಿದ್ದರು.