ನಿಂತಲ್ಲಿ ನಡುಗುವ ಇಂಜಿನ್ನು



ಎಂಬತ್ತರ ದಶಕದಲ್ಲಿ ನಮ್ಮ ಭಾವನವರ ಬಳಿ ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಜೀಪೊಂದಿತ್ತು. ಓಡುವಾಗ ಅದರ ಮೇಲೆ ಯಾವ ದೂರೂ ಇರಲಿಲ್ಲ. ನ್ಯೂಟ್ರಲ್ಲಿಗೆ ಹಾಕಿ ನಿಲ್ಲಿಸಿದೊಡನೆ ಮಾತ್ರ ಚಳಿಜ್ವರ ಬಂದವರಂತೆ ಗಡಗಡನೆ ನಡುಗುತ್ತಿತ್ತು. ಪೇಟೆಯ ಗ್ಯಾರೇಜೊಂದರಲ್ಲಿ ‘ಇಂಜಿನ್ ಬೋರಿಗೆ ಬಂದಿದೆ, ಪೂರ್ತಿ ಬಿಚ್ಚಬೇಕು’ ಎಂದುಬಿಟ್ಟರು. ಅದಕ್ಕೆ ತಗಲುವ ಹಣವೆಂದರೆ ಆ ವರ್ಷದ ಅಡಿಕೆಯ ಆದಾಯದಲ್ಲಿ ದೊಡ್ಡದೊಂದು ಪಾಲು.

ಈ ನಡುಕದ ಮೂಲವನ್ನು ಅರಿಯಲು ಇಂಜಿನ್ನಿನ ಚರಿತ್ರೆಯನ್ನೇ ನೋಡಬೇಕು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಈ ವಿಚಾರಕ್ಕೆ ರುಡಾಲ್ಫ್ ಡೀಸೆಲ್ ೧೮೯೨ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಕೋರಿದನು. ಮರುವರ್ಷ ಆಗ್ಸ್‌ಬರ್ಗ್ ನಗರದಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ೧೮೯೪ರ ಫೆಬ್ರವರಿ ೧೭ರಂದು ಇಂಜಿನ್ನು ಮೊದಲ ಬಾರಿಗೆ ಸ್ವಂತ ಬಲದಿಂದ, ಯಾವ ಹೊರೆಯೂ ಇಲ್ಲದೆ, ಸುಮಾರು ಒಂದು ನಿಮಿಷ ತಿರುಗಿತು. ಇಂದು ನಾವು ಐಡ್ಲಿಂಗ್ ಎನ್ನುವುದು ಅದನ್ನೇ. ೧೮೯೭ರ ಪರೀಕ್ಷೆಯಲ್ಲಿ ಇಂಧನದ ಶಕ್ತಿಯ ಶೇಕಡಾ ೨೬.೨ ಭಾಗ ಕೆಲಸವಾಗಿ ದೊರೆತು ಇಂಜಿನ್ನು ಲೋಕಪ್ರಸಿದ್ಧವಾಯಿತು.

ಆದರೆ ಇಂಧನವನ್ನು ಒಳಗೆ ಚಿಮ್ಮಿಸಲು ಡೀಸೆಲ್ ಸಂಕುಚಿತ ಗಾಳಿಯನ್ನು ಬಳಸಿದ್ದನು. ಅದಕ್ಕೆ ಬೇಕಾದ ಕಂಪ್ರೆಸರಿನ ಭಾರದಿಂದಾಗಿ ಇಂಜಿನ್ನು ಹೆಚ್ಚಾಗಿ ಕಾರ್ಖಾನೆ, ಹಡಗುಗಳಿಗೇ ಸೀಮಿತವಾಯಿತು. ೧೯೨೭ರಲ್ಲಿ ಬಾಷ್ ಕಂಪನಿಯು ಎಣ್ಣೆಯನ್ನು ಅಳೆದು ಒತ್ತುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಅದು ಲಾರಿ, ಟ್ರ್ಯಾಕ್ಟರುಗಳಲ್ಲಿ ವ್ಯಾಪಕವಾಯಿತು.

ಐಡ್ಲಿಂಗಿನಲ್ಲಿ ಪ್ರತಿ ಸಲ ಸಿಲಿಂಡರಿಗೆ ಹೋಗುವ ಎಣ್ಣೆ ಒಂದು ಹನಿಯಷ್ಟೂ ಇರುವುದಿಲ್ಲ. ಇಷ್ಟು ಅಲ್ಪ ಪ್ರಮಾಣದಲ್ಲಿ ಸಣ್ಣ ಕೊರತೆಯೂ ದೊಡ್ಡದಾಗಿ ತೋರುತ್ತದೆ. ವೇಗ ಹೆಚ್ಚಿದಾಗ ಅದೇ ದೋಷ ಅಡಗಿಹೋಗುತ್ತದೆ.

ಭಾವನವರು ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರಲ್ಲಿಗೆ ಹೋದರು. ಅವರು ಮೊದಲು ಫಿಲ್ಟರ್ ಬದಲಿಸಿ, ಪೈಪಿನೊಳಗೆ ಸೇರಿದ್ದ ಗಾಳಿಯನ್ನು ಹೊರಗೆ ಬಿಟ್ಟರು. ನಡುಕ ನಿಲ್ಲಲಿಲ್ಲ. ಬಳಿಕ ಇಂಜಿನ್ನು ತಿರುಗುತ್ತಿರುವಾಗಲೇ ಎಣ್ಣೆ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದರು. ಒಂದು, ಎರಡು, ನಾಲ್ಕನೆಯದರಲ್ಲಿ ಸದ್ದು ಕುಗ್ಗಿತು. ಮೂರನೆಯದರಲ್ಲಿ ಏನೂ ಬದಲಾಗಲಿಲ್ಲ. ಕೆಲಸ ಮಾಡದವನು ಅವನೇ! ಇಂಜಿನ್ ನಿಲ್ಲಿಸಿ ಎರಡನೆಯ, ಮೂರನೆಯ ಇಂಜೆಕ್ಟರುಗಳನ್ನು ಅದಲುಬದಲು ಮಾಡಿದಾಗ ದೋಷವೂ ಎರಡನೆಯ ಸಿಲಿಂಡರಿಗೆ ಹೋಯಿತು. ಕೆಟ್ಟಿದ್ದುದು ಒಂದು ನಾಜಲ್ ಮಾತ್ರ. ಅದನ್ನು ಬದಲಿಸಿದೊಡನೆ ಜೀಪು ಶಾಂತವಾಯಿತು.

ಇದನ್ನು ನೀವು ಕೈಯಾರೆ ಪ್ರಯೋಗಿಸಬೇಡಿ. ಒತ್ತಡದ ಎಣ್ಣೆ ಚರ್ಮವನ್ನೇ ತೂರಿ ಒಳಹೋಗಬಲ್ಲುದು. ಇಂದಿನ ಕಾಮನ್ ರೈಲ್ ಇಂಜಿನ್ನುಗಳಲ್ಲಂತೂ ಆ ನಟ್ಟುಗಳನ್ನು ಮುಟ್ಟಲೇಬಾರದು.

ಆ ಸಂಜೆ ನನಗೆ ನನ್ನ ತರಗತಿ ನೆನಪಾಯಿತು. ಯಾರೋ ಒಬ್ಬನ ತಪ್ಪಿಗೆ ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನಗಳಿದ್ದವು. ಒಬ್ಬೊಬ್ಬರನ್ನೇ ವಿಚಾರಿಸುವ ತಾಳ್ಮೆ ನನಗಿರಲಿಲ್ಲ; ನಾನೂ ಪೂರ್ತಿ ಇಂಜಿನ್ ಬಿಚ್ಚಿದವನೇ. ಅಂದು ತಪ್ಪಿಲ್ಲದೆ ನಿಂತವರು ಇದನ್ನು ಓದುತ್ತಿದ್ದರೆ, ತಡವಾದರೂ, ಕ್ಷಮೆಯಿರಲಿ.